ಎರಡನೇ ಪಾರ್ಟಿಯವರು

ಮಾರ್ಚ್ 2, ಭಾನುವಾರ

ನಾನು ರಿಟೈರ್ ಆಗಿದ್ದೇನೆ ಎನ್ನುವುದು ಚರ್ಚ್ ಕಮಿಟಿಯವರಿಗೆ ನೆನಪಾಗುವುದು ನನ್ನ ತಲೆಗೆ ಕೆಲಸ ಕಟ್ಟುವಾಗ ಮಾತ್ರ. ಇವತ್ತು ಆರಾಧನೆ ಮುಗಿದು ಜನ ಬೆಂಚು ಬಿಟ್ಟು ಏಳುವ ಮೊದಲೇ ಅಧ್ಯಕ್ಷರು ಬಂದು ತೋಳು ಹಿಡಿದುಕೊಂಡರು. ಬೇಕರಿ ನಡೆಸುವವರು, ಹಿಡಿದರೆ ಹಿಟ್ಟು ಹಿಡಿದ ಹಾಗೇ ಹಿಡಿಯುತ್ತಾರೆ. ಕಾರ್ಯದರ್ಶಿ ಅನ್ನಿಸಿಕೊಂಡ ಮೇಲೆ ಬಿಡಿಸಿಕೊಳ್ಳುವ ಹಾಗೂ ಇಲ್ಲ. ಬುಧವಾರದೊಳಗೆ ಎರಡು ಕರಾರು ಪತ್ರ ಬೇಕಂತೆ. ಒಂದು, ಹೊಸದಾಗಿ ಬರುವ ಪಾಸ್ಟರದು. ಮೊದಲು ಆರು ತಿಂಗಳು, ಕೆಲಸ ಮೆಚ್ಚಿಗೆಯಾದರೆ ಮುಂದೆ ಐದು ವರ್ಷ. ಇನ್ನೊಂದು, ಚರ್ಚಿನ ಹಿಂದಿರುವ ಹುಲ್ಲುಗಾವಲಿನ ಗುತ್ತಿಗೆ. ಅದಕ್ಕೆ ಯಾರೋ ಕುರಿಯವನು ಸಿಕ್ಕಿದ್ದಾನಂತೆ.

ಪಾಸ್ಟರ ಕರಾರಿನಲ್ಲಿ ಈ ಸಲ ಒಂದು ಹೊಸ ಕಲಮು ಸೇರಿಸುತ್ತಿದ್ದೇನೆ. ಹೋದ ಪಾಸ್ಟರಿಗೆ ಊರವರು ಹಾರ್ನ್ ಪಾಸ್ಟರ್ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ರೋಗಿಗಳ ಮನೆಯ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ, ಹಾರ್ನ್ ಹೊಡೆದು, ಇಂಜಿನ್ ಆಫ್ ಕೂಡ ಮಾಡದೆ ಕೈಯೆತ್ತಿ ಪ್ರಾರ್ಥನೆ ಮಾಡಿ ಹೋಗಿಬಿಡುತ್ತಿದ್ದ ಪುಣ್ಯಾತ್ಮ. ಅದಕ್ಕೇ ಹೀಗೆ ಬರೆದೆ: ‘ಎರಡನೇ ಪಾರ್ಟಿಯವರು ಕಾಯಿಲೆಯಿಂದ ಮಲಗಿರುವ ಸದಸ್ಯರ ಮನೆಗೆ ವಾರಕ್ಕೊಮ್ಮೆ ಸ್ವತಃ ಅಥವಾ ಪ್ರತಿನಿಧಿಯ ಮೂಲಕ ಹೋಗಿ, ಕನಿಷ್ಠ ಅರ್ಧ ಗಂಟೆ ಕುಳಿತು, ತಾವು ಆಡುವುದಕ್ಕಿಂತ ಅವರು ಆಡುವುದನ್ನು ಹೆಚ್ಚಾಗಿ ಕೇಳತಕ್ಕದ್ದು. ಕೇಳಿದ್ದನ್ನು ಹೊರಗೆ ಆಡಕೂಡದು.’ ಎರಡು ಸಲ ಓದಿಕೊಂಡೆ, ಹೆಮ್ಮೆ ಅನ್ನಿಸಿತು. ಮೂವತ್ತೆಂಟು ವರ್ಷ ನೋಂದಣಿ ಕಚೇರಿಯ ಮುಂದೆ ಕೂತು ಪತ್ರ ಬರೆದಿದ್ದೇನೆ. ನಾನು ಬರೆದ ಒಂದು ಪತ್ರವೂ ತಿದ್ದುಪಡಿಗೆ ವಾಪಸು ಬಂದಿಲ್ಲ.

ಗುತ್ತಿಗೆಯದು ಯಾವತ್ತಿನ ಹಾಗೆ. ಬೇಲಿ ನೋಡಿಕೊಳ್ಳಬೇಕು, ಮಳೆಗಾಲಕ್ಕೆ ಮೊದಲು ಕಾಲುವೆ ತೋಡಬೇಕು, ಪಕ್ಕದ ಸದಸ್ಯರ ಅಂಗಳಕ್ಕೆ ಅವರ ಅನುಮತಿಯಿಲ್ಲದೆ ಕಾಲಿಡಕೂಡದು. ಉಳಿದದ್ದನ್ನು ನಾಳೆ ಟೈಪ್ ಮಾಡಬೇಕು.

ಮಾರ್ಚ್ 6, ಗುರುವಾರ

ಸೋಮವಾರ ಇವಳು, ನನ್ನ ಹೆಂಡತಿ, ಬಿದ್ದಳು. ಸೊಂಟದ ಮೂಳೆ ಮುರಿದಿದೆ. ಮಂಗಳವಾರ ಆಪರೇಷನ್ ಆಯಿತು.

ನಿನ್ನೆ ಅಧ್ಯಕ್ಷರು ಆಸ್ಪತ್ರೆಗೇ ಫೋನ್ ಮಾಡಿ ಮೊದಲು ಮರುಗಿ, ಆಮೇಲೆ ಕರಾರು ಕೇಳಿದರು. ಇವಳ ಬಟ್ಟೆ, ಬಾಚಣಿಗೆ ತರಲು ಮನೆಗೆ ಹೇಗೂ ಬರಬೇಕಿತ್ತು. ಊಟದ ಮೇಜಿನ ಕೆಳಗೆ ಹಾಳೆಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಆರಿಸಿ, ಅಸಲು ನಕಲು ಜೋಡಿಸಿ, ದಾರ ಪೋಣಿಸಿ ಹೊಲಿದು, ಬೇಕರಿಯಲ್ಲಿ ಕೊಟ್ಟು ಬಸ್ಸು ಹತ್ತಿದೆ. ಎಲ್ಲ ನಿಂತುಕೊಂಡೇ ಮಾಡಿದ್ದು.

ಸೋಮವಾರ ಪರದೆ ಇಳಿಸಲು ಸ್ಟೂಲ್ ಹಿಡಿದುಕೊಳ್ಳಿ ಎಂದು ಎರಡು ಸಲ ಕರೆದಿದ್ದಳು. ನಾನು ಟೈಪ್ ಮಾಡುತ್ತಿದ್ದೆ. ಬಂದೆ, ಇನ್ನೊಂದು ಸಾಲು, ಎಂದಿದ್ದೆ.

ಮಾರ್ಚ್ 19, ಬುಧವಾರ

ಮನೆಗೆ ಬಂದು ಐದು ದಿನವಾಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಈ ಕಡೆ ತಿರುಗುವುದಿಲ್ಲ. ವಾಕರ್ ಹಿಡಿದು ದಿನಕ್ಕೆ ನಾಲ್ಕು ಸಲವಾದರೂ ನಿಲ್ಲಬೇಕು, ಹೀಗೇ ಮೂರು ತಿಂಗಳು ಮಲಗಿದರೆ ಮತ್ತೆ ಏಳುವ ಮಾತಿಲ್ಲ ಎಂದು ಡಾಕ್ಟರು ಬಾಗಿಲ ಹೊರಗೆ ನಿಂತು ನನಗೆ ಹೇಳಿದರು. ಬೆಳಿಗ್ಗೆ ಬರುವ ನರ್ಸಮ್ಮ ಪುಸಲಾಯಿಸುತ್ತಾಳೆ, ಗದರುತ್ತಾಳೆ. ನಾನು ಕೇಳಿಕೊಂಡರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ನಲವತ್ತೊಂದು ವರ್ಷ ಈ ಮನೆಯಲ್ಲಿ ಮಾತು ಅಂದರೆ ಅವಳದೇ. ಈಗ ಗಡಿಯಾರದ ಸದ್ದು ಕೇಳಿಸುತ್ತದೆ. ನನಗೆ ಹೆದರಿಕೆಯಾಗುತ್ತಿದೆ.

ಹೊಸ ಪಾಸ್ಟರು ಬಂದು ಎರಡು ವಾರವಾಯಿತು, ಇತ್ತ ತಲೆ ಹಾಕಿಲ್ಲ. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅನ್ನುತ್ತಾರೆ. ಈತ ಹೊಸದರಲ್ಲೂ ಒಗೆಯಲಿಲ್ಲ.

ಮಾರ್ಚ್ 20, ಗುರುವಾರ

ನಾಲ್ಕು ಗಂಟೆಗೆ ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ನೋಡಿದರೆ ಗುತ್ತಿಗೆಯ ಕುರಿಯವನು. ಐವತ್ತು ದಾಟಿದ ಆಳು, ಕೈಯಲ್ಲಿ ಟೋಪಿ. ಕರಾರಿನ ಪ್ರಕಾರ ಬಂದಿದ್ದೀನಿ ಎಂದ. ಹುಲ್ಲುಗಾವಲಿನ ತಕರಾರು ಏನಿದ್ದರೂ ಅಧ್ಯಕ್ಷರನ್ನು ಕೇಳಪ್ಪಾ ಎಂದೆ. ತಕರಾರೇನಿಲ್ಲ, ಅಕ್ಕನ್ನ ನೋಡಬೇಕು ಎಂದ. ಅಧ್ಯಕ್ಷರೇ ಕನಿಕರಪಟ್ಟು ಕಳಿಸಿರಬೇಕು ಎಂದುಕೊಂಡೆ. ಪಾಸ್ಟರನ್ನು ಕಳಿಸಲಾಗದೆ ಕುರಿಯವನನ್ನು ಕಳಿಸಿದ್ದಾರಲ್ಲ ಎಂದು ಮೈಯುರಿಯಿತು. ಹಾಗಂತ ಬಾಗಿಲಿಗೆ ಬಂದವನನ್ನು ಹೋಗು ಅನ್ನಲಾದೀತೆ?

ಕಾಲು ಒರೆಸಿಕೊಂಡು ಒಳಗೆ ಬಂದ. ಸ್ಟೂಲಿನ ಮೇಲೆ ಕೂತು, ಕೈಗಡಿಯಾರ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ಅರ್ಧ ಗಂಟೆ ಒಂದು ಮಾತಿಲ್ಲ. ಇವಳು ಗೋಡೆ ನೋಡುತ್ತಿದ್ದಳು, ಅವನು ಇವಳ ಬೆನ್ನು ನೋಡುತ್ತಿದ್ದ. ನಾಲ್ಕೂವರೆಗೆ ಎದ್ದು, ಮುಂದಿನ ಗುರುವಾರ ಬರ್ತೀನಿ ಅಕ್ಕಾ ಎಂದು ಹೊರಟ. ಕೋಣೆಯಲ್ಲಿ ಸಂಜೆಯ ತನಕ ಉಣ್ಣೆಯ ವಾಸನೆ ಇತ್ತು.

ಮಾರ್ಚ್ 27, ಗುರುವಾರ

ಇವತ್ತೂ ಬಂದ, ಇವತ್ತೂ ಮೂಕ. ಅವನು ಹೋದ ಮೇಲೆ ಇವಳು ಗೋಡೆಯ ಕಡೆಯಿಂದಲೇ ಕೇಳಿದಳು: “ಯಾರ್ರೀ ಅದು? ಎರಡು ಮಾತಾಡಿದ್ರೆ ಗಂಟೇನು ಹೋಗುತ್ತಂತೆ?”

ಮೂರು ವಾರಕ್ಕೆ ಅವಳ ಬಾಯಿಂದ ಬಂದ ಮೊದಲ ಕುಚೋದ್ಯ. ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಏಪ್ರಿಲ್ 3, ಗುರುವಾರ

ಇವಳೇ ಮಾತಿಗೆಳೆದಳು. ಎಷ್ಟು ಕುರಿ, ಏನು ಕಥೆ ಎಂದು ಕೇಳಿದಳು. ಅವನು ಒಂದೊಂದೇ ಮಾತನ್ನು ಬಾವಿಯಿಂದ ಸೇದಿ ತೆಗೆಯುವವನ ಹಾಗೆ ಹೇಳುತ್ತ ಹೋದ. ತುಂಬು ಉಣ್ಣೆಯ ಕುರಿ ಅಂಗಾತ ಬಿದ್ದರೆ ತಾನಾಗಿ ಏಳಲಾರದಂತೆ. ಹಾಗೇ ಬಿಟ್ಟರೆ ಹೊಟ್ಟೆ ಉಬ್ಬಿ ಸತ್ತೇ ಹೋಗುತ್ತದಂತೆ. ಎತ್ತಿ ನಿಲ್ಲಿಸಿದರೂ ಕೂಡಲೇ ಕೈ ಬಿಡಬಾರದಂತೆ. ಕಾಲಿನ ಜೋಮು ಬಿಡುವ ತನಕ ಎರಡು ಮೊಣಕಾಲ ನಡುವೆ ಆನಿಸಿಕೊಂಡು ನಿಂತಿರಬೇಕಂತೆ.

ಇವಳು ಈ ಕಡೆ ತಿರುಗಿದಳು. “ನನ್ನೇನು ಕುರಿ ಅಂದ್ಕೊಂಡ್ರಾ?”

ಅವನು ನಿಜಕ್ಕೂ ಯೋಚನೆ ಮಾಡಿದ. “ಇಲ್ಲ ಅಕ್ಕಾ. ಕುರಿ ಆಗಿದ್ರೆ ಇಷ್ಟೊತ್ತಿಗೆ ಕಾಲಾದ್ರೂ ಝಾಡಿಸ್ತಿತ್ತು.”

ಹೊಲಿಗೆ ನೋಯುವಷ್ಟು ನಕ್ಕಳು, ಆಮೇಲೆ ಅತ್ತಳು. ಅವನು ಅಳುವುದನ್ನೂ ನಗುವುದನ್ನೂ ಒಂದೇ ಮುಖದಲ್ಲಿ ನೋಡುತ್ತಾ ಕೂತಿದ್ದ. ನಾಲ್ಕೂವರೆಗೆ ಗಡಿಯಾರ ಕಟ್ಟಿಕೊಂಡ.

ಏಪ್ರಿಲ್ 4, ಶುಕ್ರವಾರ

ನರ್ಸಮ್ಮನ ಹತ್ತಿರ ಅವಳಾಗಿಯೇ ವಾಕರ್ ಕೇಳಿದಳು. ಎಂಟು ಎಣಿಸುವ ತನಕ ನಿಂತಳು.

ಏಪ್ರಿಲ್ 24, ಗುರುವಾರ

ಕಿಟಕಿಯ ತನಕ ಹೋದಳು. ನಾನು ತೋಳು ಹಿಡಿಯಲು ಹೋದರೆ ಕುರಿಯವನು ತಡೆದ. ಹಿಡಿದರೆ ನಿಮ್ಮ ಕಾಲ ಮೇಲೆ ನಿಲ್ಲುತ್ತಾರೆ, ಪಕ್ಕಕ್ಕೆ ಸುಮ್ಮನೆ ನಿಂತಿರಿ ಎಂದ. ನನಗೆ ಬುದ್ಧಿ ಹೇಳುವಷ್ಟು ದೊಡ್ಡವನಾದ. ಆದರೆ ಪಕ್ಕಕ್ಕೆ ನಿಂತೆ.

ಗುರುವಾರ ಬಂದರೆ ಮೂರು ಗಂಟೆಗೇ ತಲೆ ಬಾಚಿಸಿಕೊಳ್ಳುತ್ತಾಳೆ. ಹೆಣೆಯುವವನು ನಾನೇ. ನನ್ನ ಜಡೆ ಎಮ್ಮೆ ಕಟ್ಟುವ ಹಗ್ಗದ ಹಾಗಿದೆಯಂತೆ. ಇರಲಿ. ಪತ್ರ ಹೊಲಿದ ಕೈಗೆ ಕೂದಲು ಅಷ್ಟು ಬೇಗ ಒಗ್ಗುವುದಿಲ್ಲ.

ಮೇ 6, ಮಂಗಳವಾರ

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಪಾಸ್ಟರು ಗೇಟಿನ ಹೊರಗೆ ನಿಂತಿದ್ದರು. ಅಂಗಿಯ ತೋಳು ಮಡಚಿದ್ದರು, ಪ್ಯಾಂಟಿನ ತುಂಬ ಕೆಸರು, ಅಂಗೈಯಲ್ಲಿ ಬೊಬ್ಬೆ. ಒಳಗೆ ಬರಲಿಲ್ಲ. ಹುಲ್ಲುಗಾವಲಿನ ಕಾಲುವೆಯನ್ನು ಎಲ್ಲಿಯ ತನಕ ತೋಡಬೇಕು, ಕರಾರಿನಲ್ಲಿ ಉದ್ದ ಬರೆದಿಲ್ಲವಲ್ಲ ಸಾರ್, ಎಂದು ಬಹಳ ಸಂಕೋಚದಿಂದ ಕೇಳಿದರು. ನೀವು ಯಾಕೆ ತೋಡುತ್ತೀರಿ ಎಂದೆ. ಎಂಟನೇ ಕಲಮು, ಎಂದರು. ಮತ್ತೆ ಮನೆಗಳಿಗೆ ಹೋಗುವುದಿಲ್ಲವೇ ಎಂದೆ. ಕರೆಯದೆ ಯಾರ ಅಂಗಳಕ್ಕೂ ಕಾಲಿಡಕೂಡದು ಎಂದು ಬರೆದಿದ್ದಾರಲ್ಲ, ಈ ತನಕ ಯಾರೂ ಕರೆದಿಲ್ಲ, ಎಂದರು. ಒಳಗೆ ಬನ್ನಿ ಅನ್ನಲೂ ನನಗೆ ತೋಚಲಿಲ್ಲ.

ಹತ್ತು ಗಂಟೆಗೆ ಚರ್ಚಿನ ಕಪಾಟು ತೆಗೆದು ನಕಲುಗಳನ್ನು ಹರಡಿಕೊಂಡೆ. ಎರಡು ಕರಾರಿಗೂ ಮೂರು ಮೂರು ಹಾಳೆ. ಮೊದಲನೆಯದರಲ್ಲಿ ಹೆಸರು, ಅವಧಿ, ಆರಾಧನೆ ನಡೆಸುವುದೋ ಕುರಿ ಮೇಯಿಸುವುದೋ ಅನ್ನುವುದು. ಮೂರನೆಯದರಲ್ಲಿ ರುಜು. ನಡುವಿನ ಹಾಳೆಯಲ್ಲಿ ಮಾಡಬೇಕಾದ ಉಳಿದ ಕೆಲಸಗಳು. ಅದರಲ್ಲಿ ಯಾರ ಹೆಸರೂ ಇಲ್ಲ, ಎರಡರಲ್ಲೂ ಬರೀ ‘ಎರಡನೇ ಪಾರ್ಟಿಯವರು’. ಪಾಸ್ಟರ ನಡು ಹಾಳೆಯನ್ನು ಕುರಿಯವನ ಕರಾರಿಗೂ, ಕುರಿಯವನದನ್ನು ಪಾಸ್ಟರ ಕರಾರಿಗೂ ಹೊಲಿದಿದ್ದೇನೆ. ಅಸಲೂ ಹಾಗೆಯೇ, ನಕಲೂ ಹಾಗೆಯೇ. ನಿಂತುಕೊಂಡು ಹೊಲಿದದ್ದು. ಆನೆಯಂಥ ಆನೆಯೂ ಮುಗ್ಗರಿಸುತ್ತದೆ ಎಂದು ಬೇರೆಯವರಿಗೆ ಎಷ್ಟು ಸಲ ಹೇಳಿಲ್ಲ ನಾನು!

ಕುರಿಯವನನ್ನು ಯಾರೂ ಕಳಿಸಿದ್ದಲ್ಲ. ಅವನು ಪತ್ರ ಓದಿ ಬಂದವನು. ಚರ್ಚಿನ ಮೆಟ್ಟಿಲು ಹತ್ತಿದವನಲ್ಲ, ನಮ್ಮ ಸದಸ್ಯನೂ ಅಲ್ಲ. ಹುಲ್ಲು ಬೇಕಾದರೆ ಕಾಯಿಲೆಯವರ ಹತ್ತಿರ ಕೂರಬೇಕು ಎಂದು ನಾನು ಬರೆದಿದ್ದೇನೆ, ಅವನು ಕೂತಿದ್ದಾನೆ.

ಕೂಡಲೇ ಅಧ್ಯಕ್ಷರ ಹತ್ತಿರ ಹೋಗಿ ಹೇಳಬೇಕಿತ್ತು. ಬೇಕರಿಯ ತನಕ ಹೋದೆ ಕೂಡ. ನಾಡಿದ್ದು ಗುರುವಾರ ಎಂದು ನೆನಪಾಯಿತು. ಒಂದು ಬ್ರೆಡ್ ತೆಗೆದುಕೊಂಡು ವಾಪಸು ಬಂದೆ.

ಮೇ 8, ಗುರುವಾರ

ಬಂದ. ಇವಳು ಅಡುಗೆಮನೆಯ ಹೊಸ್ತಿಲ ತನಕ ನಡೆದಳು. ನಾನು ಬಾಯಿ ಬಿಡಲಿಲ್ಲ.

ಮೇ 27, ಮಂಗಳವಾರ

ಈ ವಾರ ಉಣ್ಣೆ ಕತ್ತರಿಸುವ ಕೆಲಸವಂತೆ. ಮಂಗಳವಾರದ ಮನೆಗೆ ನೀವು ಹೋಗಿ ಬನ್ನಿ, ಪ್ರತಿನಿಧಿ ಆದರೂ ಆಗುತ್ತದೆ ಎಂದು ಬರೆದಿದೆಯಲ್ಲ, ಎಂದು ಕುರಿಯವನು ಕೇಳಿದ. ಬರೆದವನು ನಾನೇ, ಆಗುವುದಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?

ಮಂಗಳವಾರ ಅವನು ಹೋಗಿ ಕೂರುವ ಮನೆ ಅಂದರೆ ಸಂಗೀತದ ಟೀಚರಮ್ಮನದು. ಒಂದು ಕಾಲಕ್ಕೆ ಚರ್ಚಿನಲ್ಲಿ ಹಾಡುಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದವರು, ಈಗ ಕಣ್ಣು ಕಾಣುವುದಿಲ್ಲ, ಕಾಲೂ ಊದಿಕೊಂಡಿದೆ. ನಾನು ಕೂತ ಕೂಡಲೇ, “ಕುರಿ ವಾಸನೆ ಬರ್ತಿಲ್ಲ, ಯಾರು ನೀವು?” ಎಂದರು. ಇಪ್ಪತ್ತು ವರ್ಷ ನನ್ನ ಮುಂದಿನ ಬೆಂಚಿನಲ್ಲಿ ಕೂತವರು. ಒಂದು ದಿನ ಈ ಮನೆಗೆ ಬಂದವನಲ್ಲ ನಾನು. ಅರ್ಧ ಗಂಟೆ ಹೋಗುವುದೇ ಇಲ್ಲ ಅನ್ನಿಸಿತು. ಕುರಿಯವನು ಇಲ್ಲಿ ಏನು ಮಾಡುತ್ತಾನೆ ಎಂದು ಕೇಳಿದೆ. ಏನೂ ಮಾಡಲ್ಲ, ಅದೇ ಚೆಂದ, ಎಂದರು.

ಜೂನ್ 10, ಮಂಗಳವಾರ

ಉಣ್ಣೆಯ ಕೆಲಸ ಮುಗಿದಿದೆ. ಆದರೂ ನಾನೇ ಟೀಚರಮ್ಮನ ಮನೆಗೆ ಹೋದೆ. ಅವರ ರೇಡಿಯೋದ ಗುಂಡಿ ಸಡಿಲವಾಗಿತ್ತು, ಸರಿಮಾಡಿಕೊಡುತ್ತೇನೆ ಎಂದಿದ್ದೆ. ಅದು ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ.

ಜುಲೈ 13, ಭಾನುವಾರ

ಇವತ್ತು ಕಮಿಟಿಯಲ್ಲಿ ಪಾಸ್ಟರ ಮೇಲೆ ಎಲ್ಲರೂ ಮುಗಿಬಿದ್ದರು. ಕಾಯಿಲೆಯವರ ಮನೆಗೆ ಒಂದು ದಿನ ಬಂದಿಲ್ಲ, ಪ್ರಸಂಗಕ್ಕೆ ನಿಂತರೆ ತೂಕಡಿಸುತ್ತಾರೆ, ವಾರವೆಲ್ಲ ಗುದ್ದಲಿ ಹಿಡಿದು ಹೊಲದಲ್ಲಿರುತ್ತಾರೆ, ಬೇಸಾಯವೇ ಮಾಡುವುದಾದರೆ ಇಲ್ಲಿಗೆ ಯಾಕೆ ಬರಬೇಕಿತ್ತು ಎಂದರು. ಹಾರ್ನ್ ಪಾಸ್ಟರೇ ವಾಸಿ, ಗೇಟಿನ ತನಕವಾದರೂ ಬರುತ್ತಿದ್ದರು ಎಂದು ಒಬ್ಬರು. ಆರು ತಿಂಗಳು ಆಗಸ್ಟ್ ಕೊನೆಗೆ ಮುಗಿಯುತ್ತದಲ್ಲ, ಅಲ್ಲಿಗೆ ಕೈ ಮುಗಿದು ಕಳಿಸಿಬಿಡೋಣ ಎಂದರು ಅಧ್ಯಕ್ಷರು. ಆಗಸ್ಟ್ ಮೂರಕ್ಕೆ ತೀರ್ಮಾನ.

ಕಾರ್ಯದರ್ಶಿಯವರ ಅಭಿಪ್ರಾಯ ಕೇಳಿದಾಗ ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ನೋಡೋಣ, ಎಂದೆ.

ಹೊರಗೆ ಬಂದರೆ ಪಾಸ್ಟರ ಹೆಂಡತಿ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಪುಟ್ಟ ಸ್ವೆಟರ್ ಹೆಣೆಯುತ್ತಿದ್ದಳು. ಏಳು ತಿಂಗಳಂತೆ. ಉಣ್ಣೆ ಕೊಟ್ಟವರು ಕುರಿಯವರಂತೆ. ನನಗೆ ನಮಸ್ಕಾರ ಮಾಡಿದಳು. ಅವಳ ಮುಖ ನೋಡಲಾಗದೆ ಬೇಗ ಬೇಗ ಬಂದುಬಿಟ್ಟೆ.

ಜುಲೈ 24, ಗುರುವಾರ

ಕುರಿಯವರು ಬಂದು ಹೋದ ಮೇಲೆ ಇವಳು, ಹತ್ತು ದಿನದಿಂದ ಏನು ನುಂಗಿಕೊಂಡು ಕೂತಿದ್ದೀರಿ, ಕಕ್ಕಿ, ಎಂದಳು. ಇವಳ ಹತ್ತಿರ ಮುಚ್ಚಿಡುವುದು ನನ್ನಿಂದ ಯಾವತ್ತು ಆಗಿದೆ? ಹೇಳಿದೆ. ಹಾಳೆ ಅದಲುಬದಲಾದದ್ದು, ಮೇ ತಿಂಗಳಿನಿಂದ ಗೊತ್ತಿದ್ದೂ ಸುಮ್ಮನಿದ್ದದ್ದು, ಪಾಸ್ಟರನ್ನು ಕಳಿಸುತ್ತಾರೆ ಅನ್ನುವುದು. ಹೇಳುತ್ತಾ ಹೇಳುತ್ತಾ ಅದೂ ಬಂದುಬಿಟ್ಟಿತು: ಎರಡು ಸಲ ಕರೆದೆಯಲ್ಲ, ನಾನು ಬರಲಿಲ್ಲವಲ್ಲ.

“ಎರಡಲ್ಲ, ಮೂರು ಸಲ,” ಎಂದಳು. “ಮೂರನೇದು ನಿಮಗೆ ಕೇಳಿಸಲೇ ಇಲ್ಲ.”

ನನ್ನ ಕೈ ಹಿಡಿದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಎಂದು ಮಾರ್ಚಿನಿಂದ ಅಂದುಕೊಂಡಿದ್ದೆ. ಬೈಯದಿದ್ದರೂ ಹಗುರಾಗುತ್ತದೆ ಎಂದು ಗೊತ್ತಿರಲಿಲ್ಲ.

ಆಮೇಲೆ, “ಹೇಳಿಬಿಡಿ ರೀ. ತುಂಬು ಬಸುರಿ ಗಂಟುಮೂಟೆ ಕಟ್ಟೋ ಹಾಗೆ ಮಾಡಬೇಡಿ,” ಎಂದಳು.

ಹೇಳಿದರೆ ಕುರಿಯವರ ಹಾಳೆಯೂ ಬದಲಾಗುತ್ತದೆ ಎಂದೆ. ಅವರು ಬರಬೇಕಾಗಿಲ್ಲ ಎಂದಾಗುತ್ತದೆ ಎಂದೆ.

“ಬರದಿದ್ರೆ ಬರಲ್ಲ,” ಎಂದಳು. ಸ್ವಲ್ಪ ಹೊತ್ತಾದ ಮೇಲೆ ಗೋಡೆಯ ಕಡೆ ತಿರುಗಿಕೊಂಡಳು. ಏಪ್ರಿಲ್ ಆದ ಮೇಲೆ ಇವತ್ತೇ ಮೊದಲು.

ಆಗಸ್ಟ್ 3, ಭಾನುವಾರ

ಹೇಳಿದೆ. ಎದ್ದು ನಿಂತು, ಎರಡೂ ನಡು ಹಾಳೆಗಳನ್ನು ಓದಿ, ತಪ್ಪು ನನ್ನದು, ಮೇ ಆರಕ್ಕೆ ಗೊತ್ತಾದರೂ ಮುಚ್ಚಿಟ್ಟವನೂ ನಾನೇ ಎಂದೆ. ಯಾಕೆ ಮುಚ್ಚಿಟ್ಟೆ ಎಂದೂ ಹೇಳಿದೆ. ಆಮೇಲೆ ಅಧ್ಯಕ್ಷರು ಪಾಸ್ಟರ ಕಡೆ ತಿರುಗಿ, ಐದು ತಿಂಗಳು ಕಾಲುವೆ ತೋಡಿದಿರಲ್ಲ, ಇದೇನು ಎಂದು ಒಮ್ಮೆಯಾದರೂ ಕೇಳಬಾರದಿತ್ತೇ ಎಂದರು. ಮೊದಲನೇ ಕೆಲಸ ಸಾರ್, ನನಗೆ ತಗ್ಗಿ ನಡೆಯೋದು ಕಲಿಸೋಕೆ ಹಿರಿಯರು ಬರೆದಿದ್ದಾರೆ ಅಂದುಕೊಂಡೆ, ಎಂದರು ಪಾಸ್ಟರು. ಹಿರಿಯರೆಲ್ಲ ತಲೆ ತಗ್ಗಿಸಿದರು.

ಐದು ವರ್ಷಕ್ಕೆ ಒಪ್ಪಿಗೆಯಾಯಿತು. ಕಾಲುವೆ ಇಷ್ಟು ಚೊಕ್ಕವಾಗಿ ಹಿಂದೆಂದೂ ಇರಲಿಲ್ಲ ಎಂಬ ಮಾತೂ ಬಂತು.

ನನ್ನ ಮೂವತ್ತೆಂಟು ವರ್ಷದ ಹೆಸರು ಹೋಯಿತು. ಹೋಗಲಿ. ಕುರಿಯವರಿಗೆ ಸರಿಯಾದ ಹಾಳೆ ತಲುಪಿಸುವ ಕೆಲಸ ನನಗೇ ಬಂತು.

ಆಗಸ್ಟ್ 5, ಮಂಗಳವಾರ

ಹುಲ್ಲುಗಾವಲಿಗೆ ಹೋಗಿ ಹಾಳೆ ಕೊಟ್ಟೆ. ಕುರಿಯವರು ಸಾಲಿನ ಕೆಳಗೆ ಬೆರಳಿಟ್ಟು ಪೂರ್ತಿ ಓದಿದರು. ಹಾಳೆ ಅದಲುಬದಲಾದದ್ದನ್ನು ವಿವರಿಸಿದೆ, ಕ್ಷಮೆ ಕೇಳಿದೆ.

“ಹಾಗಾದ್ರೆ ಇನ್ಮೇಲೆ ಬರೋದು ಬೇಡ ಅಂತಲಾ?” ಎಂದರು.

“ಕರಾರಿನಲ್ಲಿ ಇಲ್ಲ,” ಎಂದೆ.

ರುಜು ಮಾಡಿದರು. ಟೋಪಿ ಹಾಕಿಕೊಂಡು ಕುರಿಗಳ ಕಡೆ ಹೋದರು. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಇನ್ನೊಂದು ಮಾತು ಬೇಕಿತ್ತು. ಕಾಗದದಲ್ಲಿ ಇಲ್ಲದ್ದನ್ನು ಆಡಿ ಅಭ್ಯಾಸವಿಲ್ಲದ ನಾಲಿಗೆ ಇದು.

ಆಗಸ್ಟ್ 7, ಗುರುವಾರ

ಮೂರು ಗಂಟೆಗೆ ಜಡೆ ಹೆಣೆಸಿಕೊಂಡಳು. ನಾಲ್ಕಕ್ಕೆ ಪಾಸ್ಟರು ಬಂದರು. ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತು, ಇವಳು ಹೇಳಿದ್ದನ್ನು ಕೇಳಿ, ಚಿಕ್ಕದಾಗಿ ಪ್ರಾರ್ಥನೆ ಮಾಡಿ ಹೋದರು. ಒಳ್ಳೆಯ ಹುಡುಗ ಎಂದಳು. ಅವಳು ಹಾಗೆ ಹೇಳಿದ್ದು ಮನಸ್ಸಿನಿಂದಲೇ.

ಐದೂವರೆಯ ತನಕ ಹಿತ್ತಲ ಬಾಗಿಲ ಕಡೆ ಕಿವಿಯಿಟ್ಟು ಕೂತಿದ್ದಳು. ಆಮೇಲೆ ಜಡೆ ತಾನೇ ಬಿಚ್ಚಿಕೊಂಡಳು.

ಆಗಸ್ಟ್ 8, ಶುಕ್ರವಾರ

ವಾಕರ್ ಮುಟ್ಟಲಿಲ್ಲ.

ಆಗಸ್ಟ್ 11, ಸೋಮವಾರ

ಇವತ್ತೂ ಇಲ್ಲ. ನಾಲ್ಕು ದಿನವಾಯಿತು. ನರ್ಸಮ್ಮ ನನ್ನ ಮುಖ ನೋಡುತ್ತಾಳೆ.

ಆಗಸ್ಟ್ 12, ಮಂಗಳವಾರ

ಟೀಚರಮ್ಮನ ಮನೆಯಿಂದ ನೇರ ಹುಲ್ಲುಗಾವಲಿಗೆ ಹೋದೆ. ಕುರಿಯವರು ಒಂದು ಕುರಿಯ ಗೊರಸು ಕತ್ತರಿಸುತ್ತಿದ್ದರು. ಏಳಲಿಲ್ಲ. ಏಳುವ ಹಾಗೂ ಇರಲಿಲ್ಲ, ಕುರಿ ತೊಡೆಯ ಮೇಲಿತ್ತು. ನಾನೇ ಹುಲ್ಲಿನ ಮೇಲೆ ಕೂತೆ. ನನ್ನ ವಯಸ್ಸಿಗೆ ಕೂರುವುದೂ ಒಂದು ಕೆಲಸವೇ.

ನಾನು ಬಾಯಿ ತೆಗೆಯುವ ಮೊದಲೇ ಅವರು, ಕೂತು ಮಾಡುವ ಕೆಲಸದಲ್ಲಿ ನನ್ನಿಂದ ಏನಾದರೂ ಕೊರತೆಯಾಯಿತೇ, ಯಾರಾದರೂ ದೂರು ಕೊಟ್ಟರೇ ಎಂದು ಕೇಳಿದರು. ಇಲ್ಲ ಎಂದೆ. ಹೋದ ಗುರುವಾರ ನಿಮ್ಮ ಹಿತ್ತಲ ಗೇಟಿನ ತನಕ ಬಂದಿದ್ದೆ ಎಂದರು. ಚಿಲಕಕ್ಕೆ ಕೈ ಹಾಕಿದ ಮೇಲೆ ಹೊಸ ಹಾಳೆ ನೆನಪಾಯಿತಂತೆ. ಅನುಮತಿಯಿಲ್ಲದೆ ಸದಸ್ಯರ ಅಂಗಳಕ್ಕೆ ಕಾಲಿಡಕೂಡದು ಎಂದಿದೆಯಲ್ಲ, ವಾಪಸು ಹೋದೆ ಎಂದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ. ಬರೆದದ್ದನ್ನು ಹೇಳಿದರು, ಅಷ್ಟೇ.

ನನ್ನ ಪೆನ್ನು ಜೇಬಿನಲ್ಲೇ ಇತ್ತು. ಎರಡು ಸಾಲಿನ ಅನುಮತಿ ಪತ್ರ ಬರೆದುಕೊಟ್ಟು ಎದ್ದು ಬರಬಹುದಿತ್ತು. ಆದರೆ ಅದನ್ನು ಓದಿಕೊಂಡು ಬರುವುದಾದರೆ ಮತ್ತೆ ಪತ್ರಕ್ಕಾಗಿಯೇ ಬಂದ ಹಾಗಾಗುತ್ತದೆ.

“ಕರಾರಿಗಲ್ಲ,” ಎಂದೆ. “ನಮ್ಮನೆಗೆ ಬನ್ನಿ. ಅವಳು ಕಾಯ್ತಾಳೆ. ನಾನೂ ಕಾಯ್ತೀನಿ.”

ಯಾರನ್ನಾದರೂ ಏನಾದರೂ ಕೇಳಿ ಎಷ್ಟು ವರ್ಷವಾಗಿತ್ತೋ. ಅವರು ಇನ್ನೂ ಎರಡು ಗೊರಸು ಕತ್ತರಿಸಿ, ಕುರಿಯನ್ನು ನಿಲ್ಲಿಸಿ ಬಿಟ್ಟರು. ಅದು ಓಡಿಹೋಯಿತು.

“ನಾನು ದಿನಾ ಕುರಿಗಳ ಹತ್ರ ಮಾತಾಡ್ತೀನಿ ಯಜಮಾನ್ರೇ,” ಎಂದರು. “ತಿರುಗಿ ಬೈಯ್ಯೋರು ಅಕ್ಕ ಒಬ್ರೇ.”

ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಮನೆಗೆ ಬಂದು ಇವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಆಗಸ್ಟ್ 14, ಗುರುವಾರ

ಜಡೆ ಹೆಣೆಯಲೇ ಎಂದು ಕೇಳಿದ್ದಕ್ಕೆ ಬೇಡ ಎಂದಳು. ಸ್ವಲ್ಪ ಹೊತ್ತಾದ ಮೇಲೆ ಬಾಚಣಿಗೆ ತಂದುಕೊಡಿ ಎಂದಳು. ನಾಲ್ಕು ಹೊಡೆಯಿತು. ಹಿತ್ತಲ ಕಡೆ ಸದ್ದಿಲ್ಲ. ನಾಲ್ಕೂ ಕಾಲಾಯಿತು. ನಾನು ಪತ್ರಿಕೆ ಹಿಡಿದುಕೊಂಡಿದ್ದೆ, ಏನು ಓದಿದೆನೋ ದೇವರಿಗೇ ಗೊತ್ತು.

ಆಗ ಮುಂಬಾಗಿಲು ತಟ್ಟಿದ ಸದ್ದಾಯಿತು. ಇಷ್ಟು ದಿನ ಹಿತ್ತಲಿಂದ ಬರುತ್ತಿದ್ದವರು ಇವತ್ತು ಸುತ್ತು ಹಾಕಿ, ಬೀದಿಯ ಕಡೆಯಿಂದ, ನೆಂಟರು ಬರುವ ಬಾಗಿಲಿಗೆ ಬಂದಿದ್ದರು. ನಾನು ಎದ್ದೆ.

“ನೀವು ಕೂತ್ಕೊಳ್ಳಿ,” ಎಂದಳು.

ವಾಕರ್ ಎಳೆದುಕೊಂಡು ಎದ್ದು ನಿಂತಳು. ಬಿದ್ದ ಮೇಲೆ ಮುಂಬಾಗಿಲ ತನಕ ಅವಳು ಒಂದು ದಿನವೂ ಹೋದವಳಲ್ಲ. ಕೋಣೆ ದಾಟಿ, ನಡುಮನೆ ದಾಟಿ, ನಡುವೆ ಒಂದು ಹೊಸ್ತಿಲು ಬೇರೆ. ನಾನು ಹಿಂದೆ ಹೋಗಲಿಲ್ಲ. ವಾಕರಿನ ರಬ್ಬರ್ ಕಾಲು ನೆಲಕ್ಕೆ ಊರುವ ಸದ್ದನ್ನು ಎಣಿಸುತ್ತಾ ಕೂತೆ. ಹದಿನಾಲ್ಕರ ತನಕ ಎಣಿಸಿದೆ, ಹೊಸ್ತಿಲ ಹತ್ತಿರ ಸದ್ದು ನಿಂತಿತು, ಆಮೇಲೆ ಲೆಕ್ಕ ತಪ್ಪಿತು. ಹೊರಗೆ ನಿಂತವರು ಎರಡನೇ ಸಲ ಬಾಗಿಲು ತಟ್ಟಲಿಲ್ಲ.

ಚಿಲಕ ತೆಗೆದ ಸದ್ದು ಕೇಳಿಸಿತು.

“ಯಾಕೆ ಅಲ್ಲೇ ನಿಂತಿದ್ದೀರಿ?” ಎಂದಳು. “ನಮ್ಮನೆ ಇದು, ನಾನು ಕರೀತಾ ಇದ್ದೀನಿ. ಬನ್ನಿ ಒಳಗೆ.”

ಅವರಿಬ್ಬರೂ ಅವಳ ಹೆಜ್ಜೆಯ ಲೆಕ್ಕದಲ್ಲಿ ಕೋಣೆಗೆ ಬಂದು ಸೇರಲು ಬಹಳ ಹೊತ್ತು ಹಿಡಿಯಿತು. ನನಗೆ ಕಣ್ಣೊರೆಸಿಕೊಳ್ಳಲು ಅಷ್ಟು ಹೊತ್ತು ಬೇಕಾಗಿತ್ತು. ಕೂತೇ ಇದ್ದೆ, ಕೂತಿರಲು ಹೇಳಿದ್ದಳಲ್ಲ.